ಪದಚರ್ಚೆ: ಮೆದುಳು ಜ್ವರದಲ್ಲಿ ನರಕೋಶ ಸಾಯುವುದನ್ನು ಕನ್ನಡದಲ್ಲಿ ಹೇಗೆ ಬರೆಯೋಣ?

ಬಳಗದ ಎಲ್ಲರಿಗೂ ಸಿಂಧನೂರಿನಿಂದ ನಮಸ್ಕಾರ.

ನಮ್ಮ ಭಾಗದ ಆಶಾ ಕಾರ್ಯಕರ್ತೆಯರಿಗಾಗಿ ಮೆದುಳು ಜ್ವರದ ಬಗ್ಗೆ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್ ಬಗ್ಗೆ, ಒಂದು ಕಿರುಹೊತ್ತಗೆ ಸಿದ್ಧವಾಗುತ್ತಿದೆ. ವಿಷಯ ವೈದ್ಯರದು, ಕನ್ನಡದ ಹೊಣೆ ನನ್ನದು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಸೊಳ್ಳೆ, ಗದ್ದೆ, ಹಂದಿ, ಬೆಳ್ಳಕ್ಕಿ, ಲಸಿಕೆ ಎಂದು ಬರೆಯುವ ತನಕ ಪದಗಳಿಗೆ ಬರವಿರಲಿಲ್ಲ. ಬರಹ ನಿಂತಿರುವುದು ‘ಮೆದುಳಿನೊಳಗೆ ನಡೆಯುವುದೇನು’ ಎಂಬ ಅಧ್ಯಾಯದಲ್ಲಿ. ರೋಗವನ್ನು ಎದುರಿಸುವ ಜೀವಕೋಶಗಳು ಒಂದಕ್ಕೊಂದು ಏನು ತಿಳಿಸುತ್ತವೆ, ಹಾಗೆ ತಿಳಿಸಿದ್ದರಿಂದ ನರಕೋಶಗಳು ಏಕೆ ಸಾಯುತ್ತವೆ ಎಂಬುದನ್ನು ಹತ್ತನೇ ತರಗತಿ ಓದಿದವರಿಗೆ ತಿಳಿಯುವಂತೆ ಬರೆಯಬೇಕು. ಇದಕ್ಕೆ ಬೇಕಾದ ಪದಗಳ ಬಗ್ಗೆ ನನ್ನ ವಾದವನ್ನು ಇಲ್ಲಿ ಇಡುತ್ತಿದ್ದೇನೆ. ಒಪ್ಪದವರು ದಯವಿಟ್ಟು ಕಾರಣ ಕೊಟ್ಟು ಎದುರು ವಾದ ಹೂಡಿ.

ಈ ಕಾಯಿಲೆ ನಮಗೆ ದೂರದ್ದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯನ್ನು ಭತ್ತದ ನಾಡು ಮಾಡಿತು. ಬಲದಂಡೆಯ ಕಡೆ ಕಂಪ್ಲಿ, ಸಿರುಗುಪ್ಪಗಳಲ್ಲೂ ಅದೇ ಹಸಿರು. ನೀರು ನಿಂತ ಗದ್ದೆಯಲ್ಲೇ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ವೈರಸ್ ಹಂದಿಗಳಲ್ಲಿ, ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ ಹೆಚ್ಚಿಕೊಂಡು ಸೊಳ್ಳೆಯ ಮೂಲಕ ಮಕ್ಕಳನ್ನು ತಲುಪುತ್ತದೆ. 2006ರಲ್ಲಿ ದೇಶದ 11 ಜಿಲ್ಲೆಗಳಲ್ಲಿ ಇದರ ವಿರುದ್ಧ ಲಸಿಕೆ ಅಭಿಯಾನ ಆರಂಭವಾದಾಗ ಆ ಪಟ್ಟಿಯಲ್ಲಿ ಬಳ್ಳಾರಿಯೂ ಇತ್ತು. ಈಗ ಇಂಥ ಜಿಲ್ಲೆಗಳಲ್ಲಿ ಮಗುವಿಗೆ 9 ತಿಂಗಳು ತುಂಬಿದಾಗ ಒಂದು ಚುಚ್ಚುಮದ್ದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಬಿಗಡಾಯಿಸುತ್ತದೆ. ಆದರೆ ಅದು ಮೆದುಳಿಗೆ ಏರಿದರೆ ಶೇ. 30ರವರೆಗೂ ಸಾವು ಸಂಭವಿಸಬಹುದು, ಶೇ. 30ರಿಂದ 50ರಷ್ಟು ಮಂದಿಯಲ್ಲಿ ನರ ಅಥವಾ ಮನಸ್ಸಿನ ತೊಂದರೆ ಕಾಯಂ ಆಗಿ ಉಳಿಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹೀಗೆ ಉಳಿದ ತೊಂದರೆಯೇ ನನ್ನ ಪ್ರಶ್ನೆಯ ಮೂಲ. ಜ್ವರ ಇಳಿದಿದೆ, ಮಗು ಕಣ್ಣು ಬಿಟ್ಟಿದೆ, ಮನೆಗೂ ಬಂದಿದೆ. ಆದರೆ ಕೈ ಸೆಟೆದಿದೆ, ಮಾತು ಮರಳಿಲ್ಲ. ‘ರೋಗ ಹೋಯಿತು ಅಂದರಲ್ಲ ಅಕ್ಕ, ಮತ್ತೆ ಹೀಗೇಕೆ?’ ಎಂದು ತಾಯಿ ಮೊದಲು ಕೇಳುವುದು ಆಶಾ ಕಾರ್ಯಕರ್ತೆಯನ್ನೇ. ಆಕೆಯ ಬಳಿ ಸಿದ್ಧವಾಗಿರುವ ಉತ್ತರ ಒಂದೇ: ‘ಮಗುವಿಗೆ ರೋಗನಿರೋಧಕ ಶಕ್ತಿ ಕಡಿಮೆ ಇತ್ತು ತಂಗಿ.’ ತಾಯಿಯ ಕಿವಿಗೆ ಈ ಮಾತು ‘ನೀನು ಸರಿಯಾಗಿ ಉಣಿಸಲಿಲ್ಲ’ ಎಂದು ಬೀಳುತ್ತದೆ. ಹೇಳಿದವರ ಮನಸ್ಸಿನಲ್ಲಿ ಕೆಡುಕಿಲ್ಲ. ಅವರಿಗೆ ನಾವು ಕೊಟ್ಟಿರುವ ಪದವೇ ಅದು.

‘ರೋಗನಿರೋಧಕ ಶಕ್ತಿ’ಯಲ್ಲಿ ನನಗೆ ತಕರಾರಿರುವುದು ಕೊನೆಯ ಎರಡಕ್ಷರದ ಬಗ್ಗೆ. ಶಕ್ತಿ ಎಂದ ಕೂಡಲೇ ಅದು ಅಳತೆಗೆ ಸಿಗುವ, ಹೆಚ್ಚಿದಷ್ಟೂ ಒಳ್ಳೆಯದಾದ, ಕಡಿಮೆಯಾದರೆ ತುಂಬಿಸಿಕೊಳ್ಳಬೇಕಾದ ವಸ್ತುವಾಗುತ್ತದೆ. ಕೊರೊನಾ ಕಾಲದಿಂದ ಕಷಾಯದ ಪುಡಿಯಿಂದ ಹಿಡಿದು ಬಿಸ್ಕತ್ತಿನವರೆಗೆ ಎಲ್ಲದರ ಮೇಲೂ ಈ ಪದ ಅಚ್ಚಾಗುತ್ತಿದೆ. ಆದರೆ ಮೆದುಳು ಜ್ವರದಲ್ಲಿ ಸಾಯುವ ನರಕೋಶಗಳಲ್ಲಿ ಒಂದು ಪಾಲು ಮಾತ್ರ ವೈರಸ್ಸಿನ ನೇರ ಹೊಡೆತಕ್ಕೆ ಸಿಕ್ಕವು. ಉಳಿದವು ಸೋಂಕು ತಗುಲದೆ ಪಕ್ಕದಲ್ಲಿದ್ದವು. ದೇಹದ ಪ್ರತಿರೋಧದ ಅಬ್ಬರಕ್ಕೆ ಸಿಕ್ಕಿ ಸತ್ತವು. ಇದನ್ನು ‘ಶಕ್ತಿ ಕಡಿಮೆ’ ಎಂದು ಹೇಳುವುದು ಹೇಗೆ? ‘ಶಕ್ತಿ ಹೆಚ್ಚಾಯಿತು’ ಎಂದರೂ ಸುಳ್ಳು. ನಡೆದಿರುವುದು ಹೆಚ್ಚು ಕಡಿಮೆಯ ಮಾತಲ್ಲ. ಯಾವ ಕೋಶ ಯಾವುದಕ್ಕೆ, ಯಾವ ಹೊತ್ತಿನಲ್ಲಿ, ಏನನ್ನು ಸೂಚಿಸಿತು, ಆ ಸೂಚನೆ ಯಾವಾಗ ನಿಂತಿತು ಅಥವಾ ನಿಲ್ಲಲಿಲ್ಲ ಎಂಬ ಮಾತು. ಆದ್ದರಿಂದ ಹೊತ್ತಗೆಯಲ್ಲಿ ‘ರೋಗನಿರೋಧಕ ವ್ಯವಸ್ಥೆ’ ಎಂದೇ ಬರೆಯುತ್ತಿದ್ದೇನೆ. ಶಕ್ತಿ ಎಂಬುದನ್ನು ಎಲ್ಲಿಯೂ ಉಳಿಸಿಲ್ಲ.

ಇದಕ್ಕೆ ಆಧಾರವಾಗಿ ಎರಡು ಚಿಕಿತ್ಸಾ ಪ್ರಯೋಗಗಳನ್ನು ವೈದ್ಯರ ಮುಂದಿಟ್ಟೆ. 1992ರಲ್ಲಿ ಥಾಯ್ಲೆಂಡಿನ ಪ್ರಯೋಗವೊಂದು ಪ್ರಕಟವಾಯಿತು. ಮೆದುಳು ಜ್ವರದ ರೋಗಿಗಳಿಗೆ ಪ್ರತಿರೋಧವನ್ನು ತಗ್ಗಿಸುವ ಡೆಕ್ಸಾಮೆಥಾಸೋನ್ ಕೊಟ್ಟು ನೋಡಿದ್ದರು, ಪ್ರಯೋಜನ ಕಾಣಲಿಲ್ಲ. 2003ರಲ್ಲಿ ವಿಯೆಟ್ನಾಮಿನ ಮಕ್ಕಳ ಮೇಲಿನ ಪ್ರಯೋಗ ಪ್ರಕಟವಾಯಿತು. ಅಲ್ಲಿ ವೈರಸ್ಸಿನ ವಿರುದ್ಧ ಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಆಲ್ಫಾವನ್ನೇ ಹೊರಗಿನಿಂದ ಕೊಟ್ಟಿದ್ದರು. ಅದರಿಂದಲೂ ಮಕ್ಕಳ ಸ್ಥಿತಿ ಸುಧಾರಿಸಲಿಲ್ಲ. ತಗ್ಗಿಸಿದರೂ ಆಗಲಿಲ್ಲ, ಏರಿಸಿದರೂ ಆಗಲಿಲ್ಲ. ಶಕ್ತಿ ಎಂಬ ಒಂದೇ ಪದದಲ್ಲಿ ಯೋಚಿಸುವವರಿಗೆ ಈ ಎರಡು ಫಲಿತಾಂಶಗಳು ಒಟ್ಟಿಗೆ ಅರ್ಥವಾಗುವುದು ಕಷ್ಟ.

ಈಗ ಮುಖ್ಯ ಪದಕ್ಕೆ ಬರುತ್ತೇನೆ. ಕೋಶಗಳು ಒಂದಕ್ಕೊಂದು ಸೂಚನೆ ಕೊಡುವ ಈ ಇಡೀ ವ್ಯಾಪಾರಕ್ಕೆ ಏನು ಹೆಸರು? ಜನರ ಬಾಯಲ್ಲಿರುವುದು ಸಿಗ್ನಲ್. ರೈಲಿಗೂ ಅದೇ, ಮೊಬೈಲಿಗೂ ಅದೇ. ನನಗೆ ಅದರ ಮೇಲೆ ಮುನಿಸಿಲ್ಲ. ಆದರೆ ಮೊಬೈಲಿನಿಂದಾಗಿ ‘ಸಿಗ್ನಲ್ ಇದೆ, ಸಿಗ್ನಲ್ ಇಲ್ಲ’ ಎಂಬ ಎರಡೇ ಸ್ಥಿತಿಗಳು ಮನಸ್ಸಿನಲ್ಲಿ ಕೂತಿವೆ. ಕೋಶದ ಲೋಕದಲ್ಲಿ ಸೂಚನೆ ಇದೆಯೋ ಇಲ್ಲವೋ ಎಂಬುದಕ್ಕಿಂತ, ಅದನ್ನು ಪಡೆದ ಕೋಶ ಏನು ಮಾಡಿತು ಎಂಬುದೇ ದೊಡ್ಡದು.

ಪಠ್ಯಪುಸ್ತಕದ ರೂಢಿ ‘ಸಂಕೇತ’. ಇದನ್ನು ಬಿಡಲು ನನಗೆ ಮನಸ್ಸಿರಲಿಲ್ಲ, ಏಕೆಂದರೆ ಹಳೆಯ ಕಾವ್ಯದಲ್ಲಿ ಸಂಕೇತವೆಂದರೆ ಇಬ್ಬರು ಮೊದಲೇ ಗೊತ್ತುಮಾಡಿಕೊಂಡದ್ದು. ನಲ್ಲ ನಲ್ಲೆಯರು ಸೇರಲು ಗೊತ್ತುಮಾಡಿಕೊಂಡ ಜಾಗವೂ ಸಂಕೇತವೇ. ಸೂಚಕ ಅಣುವಿಗೂ ಅದನ್ನು ಹಿಡಿಯುವ ಕೋಶಕ್ಕೂ ನಡುವೆ ಇರುವುದು ಇಂಥ ಮುಂಗಡ ಒಪ್ಪಂದವೇ. ಆದರೆ ಶಾಲೆಯಲ್ಲಿ ‘ಸಂಕೇತ’ ಧಾತುವಿನ ಗುರುತಾಗಿ ಹೋಗಿದೆ. ಸೋಡಿಯಂನ ಸಂಕೇತ ಬರೆಯಿರಿ ಎಂದು ನಾನೇ ಪರೀಕ್ಷೆಯಲ್ಲಿ ಕೇಳುತ್ತೇನೆ. ಇನ್ನು ‘ಅಣು ಸಂಕೇತ’ ಎಂದು ಜೋಡಿಸಿದರಂತೂ ಮಕ್ಕಳು ಅಣುಸೂತ್ರವನ್ನು ನೆನೆಯುತ್ತಾರೆ. ದೊಡ್ಡವರು ಕೈಗಾವನ್ನು ನೆನೆಯುತ್ತಾರೆ. ಪತ್ರಿಕೆಗಳು ದಶಕಗಳಿಂದ ಅಣು ಬಾಂಬು, ಅಣು ವಿದ್ಯುತ್ ಸ್ಥಾವರ ಎಂದು ಬರೆದು ಪರಮಾಣುವಿನ ಜಾಗದಲ್ಲಿ ಅಣುವನ್ನು ಕೂರಿಸಿವೆ. ಜೀವಶಾಸ್ತ್ರದ ಬಡಪಾಯಿ ಅಣುವಿಗೆ ಈಗ ಊರೊಳಗೆ ಮನೆ ಸಿಗುತ್ತಿಲ್ಲ. ಹಾಗಾಗಿ ಅಣುವನ್ನು ಈ ಪದದಿಂದ ಪೂರ್ತಿ ಹೊರಗಿಟ್ಟಿದ್ದೇನೆ.

‘ಸಂಜ್ಞೆ’ ಸೊಗಸಾದ ಪದ. ಬೇರೆ ಯಾವ ವಿಷಯವಾಗಿದ್ದರೂ ಆಯ್ದುಕೊಳ್ಳುತ್ತಿದ್ದೆನೇನೋ. ಆದರೆ ಸಂಜ್ಞೆಗೆ ಎಚ್ಚರ, ಪ್ರಜ್ಞೆ ಎಂಬ ಅರ್ಥವೂ ಇದೆ. ಸಂಜ್ಞಾಹೀನ ಎಂದರೆ ಮೂರ್ಛೆ ಹೋದವನು. ಮೆದುಳು ಜ್ವರದ ಹೊತ್ತಗೆಯಲ್ಲಿ ‘ಮೆದುಳಿನ ಕೋಶಗಳಿಂದ ಬರುವ ಸಂಜ್ಞೆ ನಿಂತಿತು’ ಎಂದು ಬರೆದರೆ ಮಗುವಿಗೆ ಪ್ರಜ್ಞೆ ತಪ್ಪಿತು ಎಂದೇ ಓದಿಕೊಳ್ಳುತ್ತಾರೆ. ಈ ಕಾಯಿಲೆಯಲ್ಲಿ ಪ್ರಜ್ಞೆ ತಪ್ಪುವುದೂ ಒಂದು ಲಕ್ಷಣವಾದ್ದರಿಂದ ಗೊಂದಲ ಅಪಾಯಕಾರಿ.

‘ಸಂದೇಶ’ ಹೆಚ್ಚಿನವರು ಸೂಚಿಸುವ ಪದ. ಇದಕ್ಕೆ ನನ್ನ ವಿರೋಧ ಎಲ್ಲಕ್ಕಿಂತ ಗಟ್ಟಿ. ಸಂದೇಶದೊಳಗೆ ಒಕ್ಕಣೆ ಇರುತ್ತದೆ. ಓದುವವರು ಯಾರೇ ಆಗಲಿ ಒಕ್ಕಣೆ ಬದಲಾಗುವುದಿಲ್ಲ. ಟಿಎನ್‌ಎಫ್ ಎಂಬ ಸೂಚಕ ಪ್ರೋಟೀನನ್ನು ನೋಡಿ. 1975ರಲ್ಲಿ ಅದಕ್ಕೆ ಹೆಸರಿಟ್ಟವರು ಗಡ್ಡೆಯ ಕೋಶಗಳನ್ನು ಸಾಯಿಸುವ ಅಂಶವೆಂದು ಹೆಸರಿಟ್ಟರು. ಅದೇ ಪ್ರೋಟೀನು ಕೋಶದ ಹೊರಮೈಯಲ್ಲಿರುವ ತನ್ನ ಹಿಡಿಕೆಗೆ, ಅಂದರೆ ತನ್ನನ್ನು ಹಿಡಿಯುವ ಪ್ರೋಟೀನಿಗೆ, ಕೂತಾಗ ಒಳಗೆ ಎರಡು ದಾರಿಗಳು ತೆರೆದುಕೊಳ್ಳಬಹುದು. ಒಂದು ದಾರಿ ಕೋಶವನ್ನು ಉಳಿಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಇನ್ನೊಂದು ಕ್ಯಾಸ್ಪೇಸ್ ಎಂಬ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸಿ ಕೋಶವನ್ನು ಸಾವಿಗೆ ತಳ್ಳುತ್ತದೆ. ಬಂದದ್ದು ಒಂದೇ ಅಣು. ಬದುಕೋ ಸಾವೋ ಎಂಬುದು ಪಡೆದ ಕೋಶದೊಳಗೆ ಆ ಹೊತ್ತಿಗೆ ಏನೇನು ಇತ್ತು, ಏನು ಇರಲಿಲ್ಲ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಇದನ್ನು ‘ಸಾವಿನ ಸಂದೇಶ’ ಎಂದು ಬರೆದ ಅನುವಾದಗಳನ್ನು ಓದಿದ್ದೇನೆ. ಅಂಥ ಒಕ್ಕಣೆ ಆ ಅಣುವಿನ ಮೈಯಲ್ಲಿ ಎಲ್ಲಿಯೂ ಇಲ್ಲ. ಅಲ್ಲದೆ ಸಂದೇಶವಾಹಕ ಆರ್‌ಎನ್‌ಎ ಎಂಬ ಇನ್ನೊಂದು ಸಂಗತಿಗೆ ಪಠ್ಯಪುಸ್ತಕ ಈ ಪದವನ್ನು ಆಗಲೇ ಕೊಟ್ಟಿದೆ.

ಉಳಿಯುವುದು ‘ಸನ್ನೆ’. ಸಂಸ್ಕೃತದ ಸಂಜ್ಞೆಯೇ ಕನ್ನಡದ ಬಾಯಲ್ಲಿ ಸವೆದು ಸನ್ನೆಯಾಯಿತು. ಸವೆಯುವಾಗ ಪ್ರಜ್ಞೆಯ ಅರ್ಥವನ್ನು ಕಳೆದುಕೊಂಡು ಬರೀ ಸೂಚನೆಯ ಅರ್ಥವನ್ನು ಉಳಿಸಿಕೊಂಡಿತು. ನಮಗೆ ಬೇಕಾದದ್ದೂ ಅಷ್ಟೇ. ಕಣ್ಸನ್ನೆ, ಕೈಸನ್ನೆಗಳಲ್ಲಿ ಒಕ್ಕಣೆ ಇಲ್ಲ. ಯಾರಿಗೆ ಗೊತ್ತೋ ಅವರಿಗೆ ಮಾತ್ರ ಅರ್ಥ. ಅದೇ ಕೈಸನ್ನೆ ಒಬ್ಬರಿಗೆ ‘ಬಾ’ ಎಂದಾದರೆ ಇನ್ನೊಬ್ಬರಿಗೆ ‘ನಿಲ್ಲು’ ಎಂದಾಗಬಹುದು. ರಾಯಚೂರು ಸೀಮೆಯ ಮಾತಿನಲ್ಲಿ ಇದೇ ಅರ್ಥಕ್ಕೆ ಉರ್ದುವಿನಿಂದ ಬಂದ ‘ಇಶಾರೆ’ಯೂ ಇದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಬೆಳೆದ ಹಿರಿಯರಿಗೆ ಅದು ಸಹಜ, ಆದರೆ ತುಂಗಭದ್ರೆ ದಾಟಿ ಬಳ್ಳಾರಿಗೆ ಹೋದರೆ ಅಷ್ಟು ನಡೆಯುವುದಿಲ್ಲವೆಂದು ಬಿಟ್ಟೆ. ಹೀಗಾಗಿ ಕೋಶದಿಂದ ಕೋಶಕ್ಕೆ ಹೋಗುವುದು ‘ಕೋಶಸನ್ನೆ’, ಹೊತ್ತೊಯ್ಯುವುದು ‘ಸನ್ನೆಕಾರಕ’, ಕೋಶದೊಳಗೆ ಒಂದರಿಂದೊಂದಕ್ಕೆ ದಾಟುವ ಸರಣಿ ‘ಸನ್ನೆಯ ಹಾದಿ’. ಸನ್ನೆಕಾರಕವನ್ನು ಹಿಡಿಯುವ ಪ್ರೋಟೀನಿಗೆ ಪಠ್ಯದಲ್ಲಿ ‘ಗ್ರಾಹಕ’ ಎಂದಿದೆ. ಗ್ರಾಹಕರ ವೇದಿಕೆ, ಗ್ರಾಹಕ ನ್ಯಾಯಾಲಯಗಳ ನಾಡಿನಲ್ಲಿ ಅದನ್ನು ಮುಟ್ಟಲು ನನಗೆ ಧೈರ್ಯ ಸಾಲದು. ‘ಹಿಡಿಕೆ’ ಎಂದು ಬರೆದಿದ್ದೇನೆ. ಹಿಡಿಕೆಗೆ ಕುಡುಗೋಲಿನ, ಬಾಗಿಲಿನ ಹಿಡಿಯ ಅರ್ಥ ಮುನ್ನುಗ್ಗುವುದು ನನಗೂ ಗೊತ್ತಿದೆ. ಉತ್ತಮವಾದುದು ಸಿಕ್ಕರೆ ಸಂತೋಷದಿಂದ ಬದಲಿಸುತ್ತೇನೆ.

ಸನ್ನೆಗೆ ಇನ್ನೊಂದು ಗುಣ ಇದೆ. ‘ಸನ್ನೆ ಕೊಟ್ಟರು’ ಎಂದ ಹಾಗೆಯೇ ‘ಸನ್ನೆ ಮಾಡಿ ತಡೆದರು’ ಎಂದೂ ಹೇಳುತ್ತೇವೆ. ತಡೆಯುವ ಸನ್ನೆಯ ಬಗ್ಗೆ ಬರೆಯದೆ ಈ ಅಧ್ಯಾಯ ಪೂರ್ತಿಯಾಗುವುದಿಲ್ಲ. ಆರೋಗ್ಯವಂತ ನರಕೋಶಗಳು ಫ್ರ್ಯಾಕ್ಟಲ್ಕೈನ್‌ನಂಥ ಸನ್ನೆಕಾರಕಗಳ ಮೂಲಕ ಮೆದುಳಿನ ಪ್ರತಿರೋಧಕ ಕೋಶಗಳನ್ನು ಸದಾ ಸುಮ್ಮನಿರಿಸುತ್ತಿರುತ್ತವೆ. ನರಕೋಶ ಸತ್ತರೆ ಆ ತಡೆಯೂ ಇಲ್ಲವಾಗುತ್ತದೆ. ಕೋಶದೊಳಗೂ ಇಂಥ ಏರ್ಪಾಡು ಇದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಗುರುತಿಸಿದ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನು ಪ್ರತಿರೋಧದ ನೂರಾರು ಜೀನ್‌ಗಳನ್ನು ಚಾಲೂ ಮಾಡಬಲ್ಲದು. ಸಾಮಾನ್ಯವಾಗಿ ಐಕಪ್ಪಾಬಿ ಎಂಬ ಇನ್ನೊಂದು ಪ್ರೋಟೀನು ಅದನ್ನು ಕೋಶರಸದಲ್ಲೇ ಹಿಡಿದಿಟ್ಟಿರುತ್ತದೆ. ಅಪಾಯದ ಸನ್ನೆ ಬಂದಾಗ ಐಕಪ್ಪಾಬಿ ನಾಶವಾಗಿ, ಎನ್‌ಎಫ್ ಕಪ್ಪಾ ಬಿ ಕೋಶಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಅದು ಚಾಲೂ ಮಾಡುವ ಜೀನ್‌ಗಳಲ್ಲಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಎಂಬ ಸನ್ನೆಕಾರಕಗಳ ಜೊತೆ ಐಕಪ್ಪಾಬಿಯ ಜೀನ್ ಕೂಡ ಒಂದು! ಅಂದರೆ ಶುರುಮಾಡುವ ಆಜ್ಞೆಯಲ್ಲೇ ನಿಲ್ಲಿಸುವ ಏರ್ಪಾಡೂ ಸೇರಿದೆ. ಇದನ್ನು ಓದಿದ ಮೇಲೆ ‘ಶಕ್ತಿ’ ಎಂಬ ಪದವನ್ನು ಮತ್ತೆ ಕೈಗೆತ್ತಿಕೊಳ್ಳಲು ನನಗೆ ಆಗುತ್ತಿಲ್ಲ.

ನರಕೋಶಗಳು ಸುಮ್ಮನಿರಿಸುವ ಆ ಪ್ರತಿರೋಧಕ ಕೋಶದ ಹೆಸರು ಮೈಕ್ರೋಗ್ಲಿಯಾ. ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೇಗಾ 1919ರಲ್ಲಿ ಅದನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟರು. ಗ್ಲಿಯಾ ಎಂದರೆ ಗ್ರೀಕಿನಲ್ಲಿ ಅಂಟು. ಹಾಗೆಂದು ‘ಕಿರು ಅಂಟುಕೋಶ’ ಎಂದರೆ ಯಾರಿಗೂ ಉಪಕಾರವಿಲ್ಲ. ಈ ಕೋಶಗಳು ಏನನ್ನೂ ಅಂಟಿಸುವುದಿಲ್ಲ. ಭ್ರೂಣದ ಆರಂಭದ ದಿನಗಳಲ್ಲೇ ಮೆದುಳಿಗೆ ವಲಸೆ ಬಂದು ನೆಲೆಸಿದವು ಅವು. ಕೈಗಳಂಥ ಚಾಚುಗಳನ್ನು ಸದಾ ಆಡಿಸುತ್ತಾ ಸುತ್ತಲಿನ ಜಾಗವನ್ನು ತಡವುತ್ತಿರುತ್ತವೆ, ಸತ್ತ ಕೋಶಗಳನ್ನು ತಿಂದು ತೆಗೆಯುತ್ತವೆ, ಬೆಳೆಯುವ ಮೆದುಳಿನಲ್ಲಿ ಬೇಡದ ಸಂಪರ್ಕಗಳನ್ನು ಕಡಿಯುತ್ತವೆ. ನಮ್ಮ ತಂಡದಲ್ಲಿ ‘ಕಾವಲುಕೋಶ’ ಎಂಬ ಸಲಹೆ ಬಂತು. ಹಾಗೆಂದ ಮರುಗಳಿಗೆಯೇ ಎಲ್ಲರ ಬಾಯಿಗೂ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಬಂತು. ಅದು ಬಂದದ್ದರಿಂದಲೇ ನಾನು ಕಾವಲುಕೋಶ ಬೇಡವೆಂದೆ. ಆ ಗಾದೆಯಲ್ಲಿ ಬೇಲಿಗೆ ದ್ರೋಹದ ಬಣ್ಣವಿದೆ. ಮೈಕ್ರೋಗ್ಲಿಯಾ ದ್ರೋಹ ಬಗೆಯಲಿಲ್ಲ. ವೈರಸ್ ಹೊಕ್ಕ ಸನ್ನೆ ಬಂತು, ಅದು ಟಿಎನ್‌ಎಫ್, ಇಂಟರ್‌ಲ್ಯೂಕಿನ್ 1 ಬೀಟಾ, ಇಂಟರ್‌ಲ್ಯೂಕಿನ್ 6, ನೈಟ್ರಿಕ್ ಆಕ್ಸೈಡ್‌ಗಳನ್ನು ಬಿಟ್ಟಿತು. ಚರ್ಮದಲ್ಲೋ ಕರುಳಿನಲ್ಲೋ ಇದೇ ಕೆಲಸ ನಡೆದು ಕೆಲವು ಕೋಶಗಳು ಸತ್ತಿದ್ದರೆ ಹೊಸವು ಹುಟ್ಟುತ್ತಿದ್ದವು, ನಾವು ಅದನ್ನು ವಾಸಿಯಾಯಿತು ಎನ್ನುತ್ತಿದ್ದೆವು. ಸತ್ತ ನರಕೋಶದ ಜಾಗಕ್ಕೆ ಹೊಸದು ಬರುವುದಿಲ್ಲ ಎಂಬುದೇ ಇಲ್ಲಿನ ದುರಂತ. ತನ್ನ ಮಗುವಿನ ಮೈಯೇ ಮಗುವಿಗೆ ಮೋಸ ಮಾಡಿತು ಎಂದು ತಾಯಿಗೆ ಅನ್ನಿಸುವಂತೆ ಬರೆಯುವುದು ಬೇಡ. ಮೈಕ್ರೋಗ್ಲಿಯಾ ಹಾಗೆಯೇ ಇರಲಿ. ದಿನವೂ ಹಿಮೋಗ್ಲೋಬಿನ್ ಎಂದು ಬರೆಯುವ ಆಶಾ ಕಾರ್ಯಕರ್ತೆಗೆ ಅದು ಭಾರವಾಗದು.

‘ಉರಿಯೂತ’ದ ಬಗ್ಗೆಯೂ ಒಂದು ಮಾತು. ಉರಿ ಮತ್ತು ಊತ ಸೇರಿದ ಈ ಪದ ನಮ್ಮ ವೈದ್ಯಕೀಯ ಕನ್ನಡದ ಒಳ್ಳೆಯ ಗಳಿಕೆಗಳಲ್ಲಿ ಒಂದು. ಕ್ರಿ.ಶ. ಮೊದಲ ಶತಮಾನದ ರೋಮನ್ ಬರಹಗಾರ ಸೆಲ್ಸಸ್ ಹೇಳಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಗುರುತುಗಳಲ್ಲಿ ಬಿಸಿಯನ್ನೂ ಊತವನ್ನೂ ಇದು ನೇರವಾಗಿಯೇ ಹಿಡಿದಿದೆ. ಆದರೆ ಮೆದುಳಿನ ಅಂಗಾಂಶಕ್ಕೆ ನೋವು ತಿಳಿಯುವ ನರತುದಿಗಳೇ ಇಲ್ಲ. ಜ್ವರ ಇಳಿದ ಮೇಲೂ ಮೈಕ್ರೋಗ್ಲಿಯಾಗಳ ಅಬ್ಬರ ಒಳಗೊಳಗೇ ಮುಂದುವರಿದಿದ್ದರೆ ಉರಿಯೂ ಇಲ್ಲ, ಕಣ್ಣಿಗೆ ಕಾಣುವ ಊತವೂ ಇಲ್ಲ. ‘ಮೆದುಳಿನಲ್ಲಿ ಉರಿಯೂತ ಉಳಿದಿದೆ’ ಎಂದರೆ ಮನೆಯವರು ಹಣೆ ಮುಟ್ಟಿ ನೋಡುತ್ತಾರೆ. ಪದವನ್ನು ಬದಲಿಸುವ ಅಗತ್ಯವಿಲ್ಲ. ಮೊದಲ ಬಾರಿ ಬಂದಾಗ ಒಂದು ವಾಕ್ಯದ ವಿವರಣೆ ಕೊಟ್ಟರೆ ಸಾಕು ಎಂಬುದು ನನ್ನ ನಿಲುವು.

ಇನ್ನು ಸಾವಿನ ಪದಗಳು. ಇಲ್ಲಿ ನನಗೆ ನಿಮ್ಮ ನೆರವು ಎಲ್ಲಕ್ಕಿಂತ ಹೆಚ್ಚು ಬೇಕು.

ಕೋಶ ಸಾಯುವ ಬಗೆಗಳಲ್ಲಿ ಎರಡನ್ನಾದರೂ ಹೊತ್ತಗೆಯಲ್ಲಿ ಬೇರ್ಪಡಿಸಿ ಹೇಳಲೇಬೇಕು. ಮೊದಲನೆಯದಕ್ಕೆ 1972ರಲ್ಲಿ ಕೆರ್, ವೈಲಿ, ಕರ್ರಿ ಎಂಬ ಮೂವರು ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಅಬರ್ಡೀನಿನ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್ ಸೂಚಿಸಿದ ಪದವದು. ಮರದಿಂದ ಎಲೆ, ಹೂವಿನಿಂದ ಎಸಳು ಉದುರುವುದು ಎಂದು ಅರ್ಥ. ಕೋಶ ಕುಗ್ಗುತ್ತದೆ, ತನ್ನ ಡಿಎನ್‌ಎಯನ್ನು ತುಂಡರಿಸಿಕೊಳ್ಳುತ್ತದೆ, ಪೊರೆ ಒಡೆಯದೆ ಸಣ್ಣ ಸಣ್ಣ ಗಂಟುಗಳಾಗುತ್ತದೆ. ಪಕ್ಕದ ಕೋಶಗಳು ಅವನ್ನು ಸದ್ದಿಲ್ಲದೆ ತಿಂದು ಮುಗಿಸುತ್ತವೆ. ಗರ್ಭದಲ್ಲಿ ಮಗುವಿನ ಬೆರಳುಗಳು ಬಿಡಿಯಾಗುವುದು ನಡುವಿನ ಕೋಶಗಳು ಹೀಗೆ ಸಾಯುವುದರಿಂದಲೇ. ಸಿ. ಎಲೆಗನ್ಸ್ ಎಂಬ ಪುಟ್ಟ ಹುಳು ಬೆಳೆಯುವಾಗ ಹುಟ್ಟುವ 1,090 ದೇಹಕೋಶಗಳಲ್ಲಿ 131 ಗೊತ್ತಾದ ಹೊತ್ತಿಗೆ ಸಾಯುತ್ತವೆ. ಅದನ್ನು ಕಂಡುಕೊಂಡ ಕೆಲಸಕ್ಕೆ 2002ರ ನೊಬೆಲ್ ಬಂತು. ಎರಡನೆಯದು ನೆಕ್ರೋಸಿಸ್. ಕೋಶ ಉಬ್ಬಿ ಒಡೆಯುತ್ತದೆ, ಒಳಗಿನದೆಲ್ಲ ಹೊರಗೆ ಚೆಲ್ಲುತ್ತದೆ. ಹೀಗೆ ಚೆಲ್ಲಿದ್ದೇ ಹೊಸ ಅಪಾಯದ ಸನ್ನೆಯಾಗಿ ಮೈಕ್ರೋಗ್ಲಿಯಾವನ್ನು ಮತ್ತಷ್ಟು ಕೆರಳಿಸುತ್ತದೆ. ಅದು ಮತ್ತಷ್ಟು ನರಕೋಶಗಳ ಸಾವಿಗೆ ದಾರಿಯಾಗುತ್ತದೆ. ಮೊದಲ ಸಾವು ಅಲ್ಲಿಗೇ ಮುಗಿಯುತ್ತದೆ, ಎರಡನೆಯದು ಇನ್ನೊಂದು ಸಾವನ್ನು ಕರೆಯುತ್ತದೆ. ಈ ವ್ಯತ್ಯಾಸವನ್ನು ಹೇಳದಿದ್ದರೆ ‘ವೈರಸ್ ಹೋದ ಮೇಲೂ ಏಕೆ’ ಎಂಬ ತಾಯಿಯ ಪ್ರಶ್ನೆಗೆ ಉತ್ತರವೇ ಇಲ್ಲ.

ಅಪಾಪ್ಟೋಸಿಸ್‌ಗೆ ಪತ್ರಿಕೆಗಳು ಬಳಸುವುದು ‘ಕೋಶದ ಆತ್ಮಹತ್ಯೆ’. ಈ ಪದವನ್ನು ನಾನು ಹೊತ್ತಗೆಗೆ ಸೇರಿಸುವುದಿಲ್ಲ, ಚರ್ಚೆಗೂ ಇಡುವುದಿಲ್ಲ. ಸಾಲ ಮಾಡಿ ಬಿತ್ತಿದ ಹತ್ತಿ ಕೈಕೊಟ್ಟ ವರ್ಷ ಈ ಪದ ನಮ್ಮ ಊರುಗಳ ಯಾವ ಮನೆಯೊಳಗೆ ಬಂದಿದೆ, ಯಾವ ಮನೆಯ ಬಾಗಿಲಲ್ಲಿ ನಿಂತಿದೆ ಎಂದು ಆಶಾ ಕಾರ್ಯಕರ್ತೆಗೆ ಗೊತ್ತು. ಅದೇ ಮನೆಯ ಮಗುವಿನ ಮೆದುಳಿನ ಬಗ್ಗೆ ಆಕೆ ಈ ಪದವನ್ನು ಓದಿ ಹೇಳಬೇಕೇ? ಅರ್ಥದ ದೃಷ್ಟಿಯಿಂದಲೂ ಅದು ತಪ್ಪು. ಕೋಶಕ್ಕೆ ‘ಆತ್ಮ’ವಿಲ್ಲ, ನಿರ್ಧಾರವಿಲ್ಲ, ಎಷ್ಟೋ ಬಾರಿ ಸನ್ನೆ ಹೊರಗಿನಿಂದ ಬಂದಿರುತ್ತದೆ. ಪಠ್ಯದ ‘ಯೋಜಿತ ಮರಣ’ ಇದಕ್ಕಿಂತ ಮೇಲು. ಆದರೆ ಯೋಜಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ, ಪೊಲೀಸ್ ಸುದ್ದಿಯ ‘ಪೂರ್ವಯೋಜಿತ ಕೊಲೆ’ ಹಿಂದೆಯೇ ನೆನಪಾಗುತ್ತದೆ.

ಗ್ರೀಕ್ ಮೂಲವನ್ನು ಹಿಡಿದು ‘ಉದುರುಸಾವು’ ಎಂದು ಕಟ್ಟಬಹುದು. ಸಿಡಿಮದ್ದು, ಹುರಿಗಡಲೆಗಳಂತೆ ಸಮಾಸವೇನೋ ಸಲೀಸು. ಆದರೆ ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಕಡೆ ಉದುರುವುದು ನಷ್ಟದ ಮಾತು. ‘ಮೊಗ್ಗೆಲ್ಲ ಉದುರಿತು’ ಎಂದರೆ ಆ ವರ್ಷದ ಬೆಳೆ ಹೋಯಿತು ಎಂದರ್ಥ. ಕಾಲ ಬಂದು, ತೊಟ್ಟಿನ ಬಳಿ ತಾನಾಗಿ ಬಿಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ‘ಕಳಚು’ ಎನ್ನುತ್ತಾರೆ: ತೊಟ್ಟು ಕಳಚಿದ ಹಣ್ಣು, ಪೊರೆ ಕಳಚಿದ ಹಾವು. ಹಾಗಾಗಿ ನನ್ನ ಸಲಹೆ ‘ಕಳಚುಸಾವು’. ‘ಹಿರಿಯ ಕೊಂಡಿ ಕಳಚಿತು’ ಎಂಬ ಶ್ರದ್ಧಾಂಜಲಿಯ ರೂಢಿಮಾತು ಇದಕ್ಕೆ ಅಡ್ಡ ಬರುವುದಿಲ್ಲ, ಬದಲಿಗೆ ಸಾವಿನ ಸೂಚನೆಯನ್ನು ಗಟ್ಟಿಮಾಡುತ್ತದೆ. ನೆಕ್ರೋಸಿಸ್‌ಗೆ ‘ಒಡೆಸಾವು’. ‘ಕೊಳೆತ’ ಎಂಬ ಹಳೆಯ ಅನುವಾದ ಗಾಯ ಕೊಳೆಯುವುದಕ್ಕೆ ಸರಿ, ಮೆದುಳಿಗೆ ಭಯಾನಕ. 2001ರಲ್ಲಿ ಹೆಸರು ಪಡೆದ ಪೈರೊಪ್ಟೋಸಿಸ್, 2012ರಲ್ಲಿ ಬಂದ ಫೆರೊಪ್ಟೋಸಿಸ್ ಮುಂತಾದ ಕೋಶಸಾವಿನ ಬೇರೆ ಬಗೆಗಳು ಈ ಹೊತ್ತಗೆಗೆ ಬೇಡ. ಬೇಕಾದವರಿಗೆ ಮೊದಲನೆಯದಕ್ಕೆ ‘ಉರಿಸಾವು’ ಸಿದ್ಧವಾಗಿಯೇ ಇದೆ. ಉರಿಯೂತದ ಪಕ್ಕದಲ್ಲಿ ಚೆನ್ನಾಗಿ ಕೂರುತ್ತದೆ.

‘ನರಕೋಶ’ವನ್ನು ಹಾಗೆಯೇ ಉಳಿಸಿದ್ದೇನೆ, ಆದರೆ ಒಂದು ಎಚ್ಚರಿಕೆಯೊಂದಿಗೆ. ನಮ್ಮ ಜನ ‘ನರ ಉಬ್ಬಿದೆ’ ಎಂದು ಕೈಯ ಮೇಲಿನ ರಕ್ತನಾಳ ತೋರಿಸುತ್ತಾರೆ. ಗೋಡೆ ಬರಹಗಳ ‘ನರದೌರ್ಬಲ್ಯ’ಕ್ಕೆ ಬೇರೆಯೇ ಅರ್ಥ. ಹಾಗಾಗಿ ಮೊದಲ ಪುಟದಲ್ಲೇ ‘ಇಲ್ಲಿ ನರ ಎಂದರೆ ರಕ್ತನಾಳವಲ್ಲ’ ಎಂಬ ವಾಕ್ಯವಿದೆ.

ಈ ಪದಗಳನ್ನೆಲ್ಲ ಸೇರಿಸಿ ಬರೆದ ಭಾಗ ಹೀಗಿದೆ; ಗಟ್ಟಿಯಾಗಿ ಓದಿ ನೋಡಿ:

‘ವೈರಸ್ ನರಕೋಶದೊಳಗೆ ಸೇರಿದಾಗ ಅಪಾಯದ ಸನ್ನೆ ಹೊರಡುತ್ತದೆ. ಮೈಕ್ರೋಗ್ಲಿಯಾ ಎಂಬ ಕೋಶಗಳು ಆ ಸನ್ನೆಯನ್ನು ಹಿಡಿದು, ವೈರಸ್ಸನ್ನು ತಡೆಯಲು ತಾವೂ ಸನ್ನೆಗಳನ್ನು ಕಳಿಸುತ್ತವೆ. ಈ ಸನ್ನೆಗಳು ಸೋಂಕು ತಗುಲದ ನರಕೋಶಗಳನ್ನೂ ಮುಟ್ಟುತ್ತವೆ. ಕೆಲವು ನರಕೋಶಗಳು ತಾಳಿಕೊಳ್ಳುತ್ತವೆ, ಕೆಲವು ಸಾಯುತ್ತವೆ. ಒಡೆದು ಸತ್ತ ಕೋಶದಿಂದ ಮತ್ತೆ ಅಪಾಯದ ಸನ್ನೆ ಹೊರಡುತ್ತದೆ. ಆದ್ದರಿಂದ ವೈರಸ್ ಇಲ್ಲವಾದ ಮೇಲೂ ಸ್ವಲ್ಪ ಕಾಲ ಹಾನಿ ಮುಂದುವರಿಯಬಹುದು. ಇದು ತಾಯಿ ಉಣಿಸಿದ್ದು ಕಡಿಮೆಯಾದ್ದರಿಂದ ಆದುದಲ್ಲ. ಸತ್ತ ನರಕೋಶ ಮರಳಿ ಹುಟ್ಟುವುದಿಲ್ಲ. ಆದರೆ ಉಳಿದ ನರಕೋಶಗಳು ತಮ್ಮೊಳಗೆ ಹೊಸ ಸಂಪರ್ಕಗಳನ್ನು ಕಟ್ಟಿಕೊಳ್ಳಬಲ್ಲವು. ಅದಕ್ಕಾಗಿಯೇ ವೈದ್ಯರು ಹೇಳಿದ ಕೈಕಾಲಿನ ವ್ಯಾಯಾಮ, ಮಾತಿನ ಅಭ್ಯಾಸಗಳನ್ನು ಬಿಡದೆ ಮಾಡಿಸಬೇಕು.’

ತಂಡದ ವೈದ್ಯರೊಬ್ಬರು ‘ಸನ್ನೆ ಮುಟ್ಟುತ್ತದೆ’ ಎಂಬಲ್ಲಿ ‘ತಲುಪುತ್ತದೆ’ ಎಂದಾಗಬೇಕು ಎನ್ನುತ್ತಾರೆ. ನಾನು ‘ಮುಟ್ಟು’ವನ್ನೇ ಹಿಡಿದಿದ್ದೇನೆ. ನಮ್ಮ ಕಡೆ ಸುದ್ದಿ ಮುಟ್ಟುತ್ತದೆ, ಕಾಗದ ಮುಟ್ಟುತ್ತದೆ. ಸನ್ನೆಕಾರಕವೂ ಹಿಡಿಕೆಯನ್ನು ನಿಜವಾಗಿಯೇ ಮುಟ್ಟಿ ಕೂರಬೇಕು, ದೂರದಿಂದ ಕಾಣಿಸಿಕೊಂಡರೆ ಏನೂ ಆಗದು. ಒಂದೇ ಕ್ರಿಯಾಪದ ಎರಡೂ ಅರ್ಥಗಳನ್ನು ಹೊತ್ತಿರುವಾಗ ಬಿಡುವುದೇಕೆ?

ನಿಮ್ಮಿಂದ ಬೇಕಾದದ್ದು ಇಷ್ಟು. ‘ಕಳಚುಸಾವು’ ಕಿವಿಗೆ ಹೇಗೆ ಕೇಳುತ್ತದೆ, ಕರಾವಳಿ ಮತ್ತು ಹಳೆ ಮೈಸೂರಿನ ಕಡೆ ‘ಕಳಚು’ವಿಗೆ ಅಡ್ಡಬರುವ ಬೇರೆ ಅರ್ಥವೇನಾದರೂ ಇದೆಯೇ ಎಂದು ತಿಳಿಸಿ. ‘ಹಿಡಿಕೆ’ಗೆ ಬದಲಿ ಸೂಚಿಸಿ. ಮೈಕ್ರೋಗ್ಲಿಯಾವನ್ನು ಸುಮ್ಮನಿರಿಸುವ ಸನ್ನೆಗೆ ಸದ್ಯ ‘ತಡೆಸನ್ನೆ’ ಎಂದಿಟ್ಟಿದ್ದೇನೆ. ಸಿರುಗುಪ್ಪ, ಕಾರಟಗಿ ಕಡೆಯವರು ಯಾರಾದರೂ ಬಳಗದಲ್ಲಿದ್ದರೆ, ಅಳುವ ಮಗುವನ್ನೋ ಬೆದರಿದ ಎತ್ತನ್ನೋ ಸುಮ್ಮನಾಗಿಸುವುದಕ್ಕೆ ನಿಮ್ಮ ಮನೆಯ ಹಿರಿಯರು ಯಾವ ಕ್ರಿಯಾಪದ ಬಳಸುತ್ತಾರೆ ಎಂದು ಕೇಳಿ ಬರೆಯುತ್ತೀರಾ? ‘ತಣಿಸು’, ‘ಸಂತೈಸು’ ಎರಡೂ ನನ್ನ ಬಳಿ ಇವೆ. ಮೂರನೆಯದೊಂದು ಇದ್ದೀತು ಎಂಬ ಆಸೆ.